ಆರು ಬೆರಳಿನ ನಾಯಿಯೋ, ಕಿವಿಯೋಲೆಯ ನಾಯಿಯೋ

ಅದು ಮುಂಗಾಲನ್ನು ಎತ್ತಿ ನನ್ನ ಅಂಗೈ ಮೇಲೆ ಇಟ್ಟಿತು. ಮಗಳು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಬೆರಳು ಎಣಿಸಿದಳು. ಆರು. ನಂಬಿಕೆ ಬರಲಿಲ್ಲ, ಮತ್ತೆ ಎಣಿಸಿದಳು. ಆರೇ. ಬೇರೆ ನಾಯಿಗಳಿಗೆ ಮುಂಗಾಲಿನ ಒಳಬದಿಯಲ್ಲಿ ಸಣ್ಣದೊಂದು ಉಗುರು ಜೋತಾಡುತ್ತಿರುತ್ತದಲ್ಲ, ಇದು ಆ ಥರದ್ದಲ್ಲ. ಒಳಗೆ ಮೂಳೆ, ಕೀಲು, ಸ್ನಾಯು ಎಲ್ಲ ಇರುವ ಪೂರ್ತಿ ಬೆರಳು. ನಾನು ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುವಾಗ ಆ ಬೆರಳುಗಳು ಬಿಗಿಯಾದವು. ನನ್ನ ಕೈಯನ್ನು ಹಿಡಿದುಕೊಂಡಿತು ನಾಯಿ.

ಇದೇ ನಮ್ಮ ನಾಯಿ ಅಂತ ಆಗಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟೆ.

ಈಗ ಇದನ್ನು ಬರೆಯುವಾಗ ನನ್ನ ಕಾಲ ಹತ್ತಿರ ಮಲಗಿರುವುದು ಬೇರೆ ತಳಿಯ ನಾಯಿ. ಆ ಸಂಜೆಯಿಂದ ಇದು ಮನೆಗೆ ಬರುವವರೆಗೆ 11 ತಿಂಗಳು ಹಿಡಿಯಿತು. ಅಷ್ಟು ದಿನ ನಾವು ಏನು ಯೋಚಿಸಿದೆವು, ಎಲ್ಲಿ ಮಾತಿಗೆ ಮಾತು ಬೆಳೆಯಿತು, ನನ್ನ ಮನಸ್ಸು ಹೇಗೆ ಬದಲಾಯಿತು ಅಂತ ಬರೆದಿಡಬೇಕು ಅನ್ನಿಸಿದೆ. ಅಪರೂಪದ ತಳಿಯೇ ಬೇಕು ಅಂತ ಹೊರಟವರಿಗೆ ಒಂದಿಷ್ಟು ಉಪಯೋಗಕ್ಕೂ ಬರಬಹುದು.

ಮೊದಲು ನಮ್ಮ ಮನೆಯ ವಿಷಯ. ನಾವು ನಾಲ್ಕು ಜನ. ನಾನು, ಹೆಂಡತಿ, 9 ವರ್ಷದ ಮಗಳು, 78 ವರ್ಷದ ಅಮ್ಮ. ಅಮ್ಮ ಕೋಲು ಹಿಡಿದು ನಡೆಯುತ್ತಾರೆ. ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು, ಇನ್ನೊಮ್ಮೆ ಬೀಳುವ ಹಾಗಿಲ್ಲ. ಮನೆಯಲ್ಲಿ ಮೊದಲು ಕರಿಯ ಇದ್ದ. ತಾನಾಗಿಯೇ ಬಂದು ಬಾಗಿಲಲ್ಲಿ ಮಲಗಿ, ಒಳಗೆ ಸೇರಿಕೊಂಡು, 13 ವರ್ಷ ನಮ್ಮ ಜೊತೆ ಬಾಳಿ ಹೋದ ನಾಯಿ. ಅವನು ಹೋದಮೇಲೆ ಒಂದೂವರೆ ವರ್ಷ ಯಾರೂ ನಾಯಿಯ ಮಾತೇ ಎತ್ತಲಿಲ್ಲ. ಆಮೇಲೆ ಒಂದು ದಿನ ಅಮ್ಮನೇ, "ಮನೆ ಬಿಕೋ ಅನ್ನುತ್ತೆ" ಅಂದರು.

ಅಪರೂಪದ ತಳಿಗಳ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಅವುಗಳ ಬಗ್ಗೆ ಓದುವುದೆಂದರೆ ನನಗೆ ಊಟ ತಿಂಡಿ ಬೇಡ. ಓದಿ ಓದಿ ಕೊನೆಗೆ ಉಳಿದದ್ದು ಎರಡು. ಒಂದು ನಾರ್ವೆಯ ಲುಂಡೆಹುಂಡ್, ಆ ಆರು ಬೆರಳಿನದು. ಇನ್ನೊಂದು ನೆದರ್ಲ್ಯಾಂಡ್ಸ್‌ನ ಕೋಯ್ಕರ್‌ಹೊಂಡ್ಯೆ. ಸಾಕುವವರು ಬರೀ ಕೋಯ್ಕರ್ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಎರಡೂ ಸಣ್ಣ ನಾಯಿಗಳು. ಲುಂಡೆಹುಂಡ್ 6-7 ಕಿಲೋ, ಕೋಯ್ಕರ್ 10 ಕಿಲೋ ಆಸುಪಾಸು. ಎರಡೂ ಚುರುಕು, ಎರಡೂ ನೋಡಲು ಚೆಂದ. ಗಾತ್ರ ನೋಡಿ, ರೋಮ ನೋಡಿ ಆರಿಸಬೇಕು ಅಂದರೆ ಇವೆರಡರ ನಡುವೆ ಆರಿಸಲು ಅಷ್ಟೇನೂ ಇಲ್ಲ.

ಹೆಂಡತಿ ಒಂದು ಪ್ರಶ್ನೆ ಕೇಳಿದಳು. "ಇವು ಇಷ್ಟು ಒಳ್ಳೆಯ ನಾಯಿಗಳಾದರೆ, ಇಷ್ಟು ಕಡಿಮೆ ಯಾಕಿವೆ?"

ನನ್ನ ಹತ್ತಿರ ಚಿಕ್ಕ ಉತ್ತರ ಇರಲಿಲ್ಲ. ಉದ್ದದ ಕಥೆ ಇತ್ತು. ಆ ಕಥೆಯನ್ನು ಅವಳಿಗೆ ಹೇಳುತ್ತಾ ಹೇಳುತ್ತಾ ನನಗೇ ಒಂದು ವಿಷಯ ಹೊಳೆಯಿತು. ನಾಯಿ ಅಪರೂಪ ಆದ ಕಾರಣ ಎಲ್ಲೋ ಚರಿತ್ರೆಯಲ್ಲಿ ಮುಗಿದುಹೋದ ಸಂಗತಿ ಅಂದುಕೊಂಡಿದ್ದೆ. ಆ ಕಾರಣ ಮರಿಯ ಜೊತೆಗೇ ನಮ್ಮ ಮನೆಯ ಹೊಸಿಲು ದಾಟಿ ಬರುತ್ತದೆ.

ಲುಂಡೆ ಅಂದರೆ ನಾರ್ವೆಯ ಭಾಷೆಯಲ್ಲಿ ಪಫಿನ್ ಹಕ್ಕಿ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಬಣ್ಣಬಣ್ಣದ ದಪ್ಪ ಕೊಕ್ಕು. ಸಮುದ್ರದ ಅಂಚಿನ ಕಡಿದಾದ ಬಂಡೆಗಳಲ್ಲಿ ಬಿಲ ಮಾಡಿಕೊಂಡು ಅದರೊಳಗೆ ಮೊಟ್ಟೆ ಇಡುತ್ತದೆ. ನಾರ್ವೆಯ ಉತ್ತರ ಭಾಗದಲ್ಲಿ, ಲೊಫೊಟೆನ್ ದ್ವೀಪಗಳ ತುದಿಯಲ್ಲಿ ವ್ಯಾರೈ ಅಂತ ಒಂದು ದ್ವೀಪ ಇದೆ. ಅಲ್ಲಿನ ಮಾಸ್ತಾದ್ ಎಂಬ ಹಳ್ಳಿಯ ಜನ ಈ ಹಕ್ಕಿ ಹಿಡಿಯಲು ನಾಯಿ ಸಾಕಿದ್ದರು. ಇಕ್ಕಟ್ಟಾದ, ತಿರುವುಮುರುವಿನ ಬಿಲದೊಳಗೆ ನುಗ್ಗಿ ಹಕ್ಕಿಯನ್ನು ಕಚ್ಚಿ ತರುವುದು ನಾಯಿಯ ಕೆಲಸ. ಅದರ ಮೈ ನೋಡಿದರೆ ಕೆಲಸ ಗೊತ್ತಾಗುತ್ತದೆ. ಜಾರುವ ಬಂಡೆ ಹಿಡಿಯಲು ಆರು ಬೆರಳು. ಮುಂಗಾಲುಗಳು ನಮ್ಮ ಕೈಗಳ ಹಾಗೆ ಎರಡೂ ಪಕ್ಕಕ್ಕೆ ನೆಟ್ಟಗೆ ಚಾಚಿಕೊಳ್ಳುತ್ತವೆ. ಕತ್ತು ಹಿಂದಕ್ಕೆ ಎಷ್ಟು ಬಗ್ಗುತ್ತದೆ ಅಂದರೆ ನೆತ್ತಿ ಬೆನ್ನಿಗೆ ತಾಗುತ್ತದೆ. ಬಿಲದೊಳಗೆ ಮಣ್ಣು, ನೀರು ಹೋಗದ ಹಾಗೆ ಕಿವಿಯನ್ನು ಮಡಚಿ ಮುಚ್ಚಿಕೊಳ್ಳುತ್ತದೆ.

19ನೇ ಶತಮಾನದಲ್ಲಿ ಹಕ್ಕಿ ಹಿಡಿಯಲು ಬಲೆ ಬಂತು. ಬಲೆಗೆ ಊಟ ಹಾಕಬೇಕಿಲ್ಲ. ಬೇರೆ ಕಡೆ ನಾಯಿಗಳು ಇಲ್ಲವಾದವು, ದಾರಿ ಸರಿಯಿಲ್ಲದ ಮಾಸ್ತಾದಿನಲ್ಲಿ ಮಾತ್ರ ಉಳಿದವು. 1930ರ ದಶಕದ ಕೊನೆಯಲ್ಲಿ ಎಲೆನರ್ ಕ್ರಿಸ್ಟಿ ಎಂಬ ಹೆಣ್ಣುಮಗಳು ಅಲ್ಲಿಂದ ನಾಲ್ಕು ನಾಯಿ ತರಿಸಿಕೊಂಡು ದಕ್ಷಿಣದಲ್ಲಿ ಬೆಳೆಸತೊಡಗಿದರು. ಯುದ್ಧದ ವರ್ಷಗಳಲ್ಲಿ ದ್ವೀಪಕ್ಕೆ ಡಿಸ್ಟೆಂಪರ್ ಎಂಬ ಅಂಟುರೋಗ ಬಡಿಯಿತು, ಅಲ್ಲಿನ ನಾಯಿಗಳು ಹೆಚ್ಚುಕಡಿಮೆ ಎಲ್ಲ ಸತ್ತವು. ಕ್ರಿಸ್ಟಿ ತಮ್ಮಲ್ಲಿದ್ದ ನಾಯಿಗಳಲ್ಲಿ ಕೆಲವನ್ನು ವಾಪಸ್ ಕಳಿಸಿ ದ್ವೀಪದಲ್ಲಿ ಮತ್ತೆ ತಳಿ ನಿಲ್ಲಿಸಿದರು. ಆಮೇಲೆ ಅದೇ ರೋಗ ಅವರ ಮನೆಗೂ ಬಂತು. ಒಂದೇ ಒಂದು ನಾಯಿ ಉಳಿಯಿತಂತೆ. ಇವತ್ತು ಮರಿಗೆ ಚುಚ್ಚುಮದ್ದು ಹಾಕಿಸಿ ಮರೆತುಬಿಡುವ ರೋಗ ಅದು. 1960ರ ದಶಕದ ಹೊತ್ತಿಗೆ ಇಡೀ ತಳಿಯಲ್ಲಿ ಉಳಿದದ್ದು ಐದಾರು ನಾಯಿ, ಅವೂ ಬಳಗದವೇ. ಇವತ್ತು ಪ್ರಪಂಚದಲ್ಲಿ ಇರುವ ಲುಂಡೆಹುಂಡ್‌ಗಳೆಲ್ಲ ಆ ಐದಾರು ನಾಯಿಗಳ ಮಕ್ಕಳು, ಮೊಮ್ಮಕ್ಕಳು.

ಕೋಯ್ಕರ್ ಕಥೆಯೂ ಹಕ್ಕಿಯಿಂದಲೇ ಶುರುವಾಗುತ್ತದೆ, ಇಲ್ಲಿ ಬಾತುಕೋಳಿ. ನೆದರ್ಲ್ಯಾಂಡ್ಸ್‌ನಲ್ಲಿ ಕಾಡಿನ ನಡುವೆ ಒಂದು ಕೊಳ, ಕೊಳದಿಂದ ಬಾಗಿ ಬಾಗಿ ಹೋಗುವ ಕಾಲುವೆಗಳು, ಅವುಗಳ ಮೇಲೆ ಬಲೆಯ ಚಾವಣಿ. ಕಾಲುವೆ ಹೋಗ್ತಾ ಹೋಗ್ತಾ ಕಿರಿದಾಗಿ ಕೊನೆಗೆ ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ದಡದಲ್ಲಿ ಜೊಂಡಿನ ತಡಿಕೆಗಳು. ನಾಯಿ ಒಂದು ತಡಿಕೆಯ ಹಿಂದಿನಿಂದ ಬರುತ್ತದೆ, ಬಿಳಿ ಬಾಲ ಆಡಿಸುತ್ತಾ ನಾಲ್ಕು ಹೆಜ್ಜೆ ಹಾಕಿ ಇನ್ನೊಂದರ ಹಿಂದೆ ಮಾಯವಾಗುತ್ತದೆ. ಬೊಗಳುವ ಹಾಗಿಲ್ಲ, ಓಡುವ ಹಾಗಿಲ್ಲ. ಬಾತುಗಳಿಗೆ ಕುತೂಹಲ. ಏನದು ಅಂತ ನೋಡಲು ಬಾಲದ ಹಿಂದೆಯೇ ಈಜಿಕೊಂಡು ಕಾಲುವೆಯ ಒಳಕ್ಕೆ ಬರುತ್ತವೆ. ಆಗ ಹಿಂದಿನಿಂದ ಮನುಷ್ಯ ಕಾಣಿಸಿಕೊಂಡರೆ ಮುಂದಕ್ಕೆ ಹಾರಿ ಪೆಟ್ಟಿಗೆ ಸೇರುತ್ತವೆ. ಆಮಿಷ ಎಂಬ ಅರ್ಥದ ಇಂಗ್ಲಿಷಿನ ಡಿಕಾಯ್ ಪದ ಬಂದದ್ದು ಇಂಥ ಕೊಳದ ಡಚ್ ಹೆಸರಾದ 'ಕೋಯ್'ನಿಂದ ಅನ್ನುತ್ತಾರೆ. ಇವತ್ತು ಉಳಿದಿರುವ ಕೆಲವು ಕೊಳಗಳಲ್ಲಿ ಬಾತುಗಳನ್ನು ಹಿಡಿದು, ಕಾಲಿಗೆ ಗುರುತಿನ ಉಂಗುರ ಹಾಕಿ ಬಿಟ್ಟುಬಿಡುತ್ತಾರೆ.

ಕೊಳಗಳು ಕಡಿಮೆಯಾದವು, ನಾಯಿಗಳೂ ಕಡಿಮೆಯಾದವು. ಇಲ್ಲಿ ಎತ್ತಿ ನಿಲ್ಲಿಸಿದವರೂ ಒಬ್ಬ ಹೆಣ್ಣುಮಗಳೇ, ಬ್ಯಾರನೆಸ್ ವಾನ್ ಹಾರ್ಡೆನ್‌ಬ್ರೂಕ್ ವಾನ್ ಅಮ್ಮರ್‌ಸ್ಟೋಲ್. ಅದೂ ಎರಡನೇ ಮಹಾಯುದ್ಧದ ಕಾಲದಲ್ಲೇ. ಊರೂರು ತಿರುಗಿ ಸಾಮಾನು ಮಾರುವ ಒಬ್ಬನಿಗೆ ನಾಯಿಯ ಚಿತ್ರವನ್ನೂ ಒಂದು ಹಿಡಿ ಕೂದಲನ್ನೂ ಕೊಟ್ಟು, ಇಂಥದ್ದು ಎಲ್ಲಾದರೂ ಕಂಡರೆ ಹೇಳು ಅಂದರಂತೆ. ಅವನು ಫ್ರೀಸ್‌ಲ್ಯಾಂಡಿನ ತೋಟದ ಮನೆಯೊಂದರಲ್ಲಿ ಹುಡುಕಿದ ಹೆಣ್ಣು ನಾಯಿಯೇ ಟಾಮಿ. ಈಗಿನ ಕೋಯ್ಕರ್‌ಗಳ ಮೂಲತಾಯಿ. 1971ರಲ್ಲಿ ನಾಯಿ ತಳಿಗಳ ದಾಖಲೆ ಇಡುವ ಅಲ್ಲಿನ ಕೆನೆಲ್ ಸಂಸ್ಥೆ ಈ ತಳಿಗೆ ಪೂರ್ತಿ ಮಾನ್ಯತೆ ಕೊಟ್ಟಿತು.

ಎರಡೂ ತಳಿ ಯುದ್ಧದ ನಡುವೆ ಒಬ್ಬೊಬ್ಬ ಹೆಂಗಸಿನ ಹಟದಿಂದ ಉಳಿದವು. ಓದುವಾಗ ಕಣ್ಣು ಒದ್ದೆಯಾಗುತ್ತದೆ, ನಿಜ. ಆದರೆ ಬೆರಳೆಣಿಕೆಯ ನಾಯಿಗಳಿಂದ ತಳಿ ಬೆಳೆಸಿದರೆ ಆಗುವುದೇನು ಅನ್ನುವುದು ಆ ಕಥೆಯ ಮುಂದಿನ ಪುಟದಲ್ಲಿ ಇರುತ್ತದೆ.

ಅಣ್ಣ-ತಂಗಿ ನಾಯಿಗಳನ್ನು ಕೂಡಿಸಿದರೆ ಮರಿಗಳಲ್ಲಿ ಒಳತಳಿಯ ಪ್ರಮಾಣ ಶೇಕಡಾ 25 ಅಂತ ಲೆಕ್ಕ. ಅಂದರೆ ಜೀನ್‌ಗಳ ಕಾಲು ಭಾಗದಲ್ಲಿ ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ ಒಂದೇ ಪ್ರತಿ. ಲುಂಡೆಹುಂಡ್‌ಗಳ ಡಿಎನ್‌ಎ ಓದಿ ನೋಡಿದಾಗ ಈ ಪ್ರಮಾಣ ಶೇಕಡಾ 80 ದಾಟಿತ್ತು. ನಾಯಿ ತಳಿಗಳಲ್ಲೇ ಅತಿ ಹೆಚ್ಚಿನವುಗಳಲ್ಲಿ ಇದೊಂದು. ಹಾಗಾಗಿ ಒಂದು ಸೂಲಿಗೆ ಮರಿಗಳು ಎರಡು ಮೂರು ಅಷ್ಟೇ. ಅದಕ್ಕಿಂತ ದೊಡ್ಡ ತೊಂದರೆ ಕರುಳಿನದು. ಅದಕ್ಕೆ ಲುಂಡೆಹುಂಡ್ ಸಿಂಡ್ರೋಮ್ ಅಂತಲೇ ಹೆಸರು. ರಕ್ತದಲ್ಲಿ ಇರಬೇಕಾದ ಪ್ರೋಟೀನ್ ಕರುಳಿನ ಮೂಲಕ ಸೋರಿಹೋಗುತ್ತದೆ. ಭೇದಿ, ವಾಂತಿ, ತೂಕ ಇಳಿಯುವುದು, ಹೊಟ್ಟೆಯಲ್ಲಿ ನೀರು ತುಂಬುವುದು. ಎಲ್ಲ ನಾಯಿಗೂ ಇದು ಕಾಣಿಸಿಕೊಳ್ಳುವುದಿಲ್ಲ, ಆರಾಮಾಗಿ ಮುದಿಯಾಗುವವೂ ಇವೆ. ಆದರೆ ತಳಿಯ ನಾಯಿಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಈ ಮರಿಗೆ ಬರುತ್ತದೆ, ಆ ಮರಿಗೆ ಬರುವುದಿಲ್ಲ ಅಂತ ಮೊದಲೇ ಆರಿಸಿ ತೆಗೆಯಲು ಆಗುವುದಿಲ್ಲ.

ಕೋಯ್ಕರ್‌ಗೂ ಕಾಯಿಲೆಗಳಿವೆ. ರಕ್ತ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಒಂದು. ಇನ್ನೊಂದು ಇಎನ್‌ಎಂ, ಬೆನ್ನುಹುರಿ ಕೊಳೆಯುವ ಕಾಯಿಲೆ. ಮರಿ ಇನ್ನೂ ಒಂದು ವರ್ಷ ತುಂಬುವುದರೊಳಗೆ ಹಿಂಗಾಲು ತಡವರಿಸಲು ಶುರುವಾಗಿ, ಪಾರ್ಶ್ವವಾಯು ಹಿಡಿದು ಹೋಗುತ್ತದೆ. ಮದ್ದಿಲ್ಲ. ಮಂಡಿ ಚಿಪ್ಪು ಜಾರುವುದು, ಕಣ್ಣಿನ ಪೊರೆ ಇವೂ ಇವೆ. ಆದರೆ ಆ ಎರಡು ದೊಡ್ಡ ಕಾಯಿಲೆಗಳಿಗೆ ಡಿಎನ್‌ಎ ಪರೀಕ್ಷೆ ಇದೆ. ಎರಡೂ ಅಪ್ಪ-ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಬರುವ ಕಾಯಿಲೆಗಳು. ಒಂದೇ ಕೆಟ್ಟ ಪ್ರತಿ ಇದ್ದು ತನಗೆ ಕಾಯಿಲೆ ಬಾರದ ನಾಯಿಗೆ ಕ್ಯಾರಿಯರ್ ಅನ್ನುತ್ತಾರೆ, ಒಂದೂ ಇಲ್ಲದ್ದಕ್ಕೆ ಕ್ಲಿಯರ್. ಇಬ್ಬರೂ ಕ್ಯಾರಿಯರ್ ಆಗಿದ್ದರೆ ಪ್ರತಿ ಮರಿಗೂ ಶೇಕಡಾ 25ರಷ್ಟು ಅಪಾಯ. ಒಬ್ಬರು ಕ್ಲಿಯರ್ ಇದ್ದರೆ ಯಾವ ಮರಿಗೂ ಕಾಯಿಲೆ ಬರುವುದಿಲ್ಲ. ಕಾಗದ ನೋಡಿದರೆ ಗೊತ್ತಾಗುತ್ತದೆ.

ಇಷ್ಟು ತಿಳಿದ ಮೇಲೂ ನನ್ನ ಮನಸ್ಸು ಲುಂಡೆಹುಂಡ್ ಕಡೆಗೇ ಇತ್ತು. ಯಾಕೆಂದರೆ ಅಷ್ಟರಲ್ಲಿ, ನನ್ನ ಕೈ ಹಿಡಿದ ಆ ಆರು ಬೆರಳಿನ ನಾಯಿಯ ಮನೆಗೆ ಹೋಗಿ ಬಂದಿದ್ದೆ.

ಆ ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಎರಡು ನಾಯಿ ಇದ್ದವು. ನಾವು ಒಳಗೆ ಕಾಲಿಟ್ಟ ಕೂಡಲೇ ಎರಡೂ ಬೊಗಳಿದವು, ತುಂಬ ಹೊತ್ತು ಬೊಗಳಿದವು. ಆಮೇಲೆ ಒಂದು ಬಂದು ಮಗಳ ಕಾಲುಚೀಲ ಕಿತ್ತುಕೊಂಡು ಹೋಗಿ ಕಪಾಟಿನ ಅಡಿಗೆ ನೂಕಿತು. ಕಪಾಟಿಗೂ ನೆಲಕ್ಕೂ ನಡುವೆ ಒಂದು ಗೇಣು ಸಂದು. ನಾಯಿ ಎರಡು ಮುಂಗಾಲನ್ನೂ ಪಕ್ಕಕ್ಕೆ ಚಾಚಿ, ಎದೆಯನ್ನು ನೆಲಕ್ಕೆ ಒತ್ತಿ, ಈಜುವವರ ಹಾಗೆ ಒಳಗೆ ಸರಿದು ಹೋಯಿತು. ಬಾಲ ಕೂಡ ಕಾಣಲಿಲ್ಲ. ಒಳಗೇ ತಿರುಗಿ, ಕಾಲುಚೀಲ ಕಚ್ಚಿಕೊಂಡು ಮೂತಿ ಮುಂದಾಗಿ ಹೊರಗೆ ಬಂತು. ಮಗಳು ಚಪ್ಪಾಳೆ ಹೊಡೆದು ಕುಣಿದಳು. ನೂರಾರು ವರ್ಷ ಬಂಡೆಯ ಬಿಲದಲ್ಲಿ ಮಾಡಿದ ಕೆಲಸವನ್ನು ಅದು ಒಂದು ಕಾಲುಚೀಲಕ್ಕಾಗಿ ನಮ್ಮೆದುರು ಮಾಡಿ ತೋರಿಸಿತ್ತು.

ಸಾಕಿದ ಹೆಂಗಸು ಒಂದನ್ನೂ ಮುಚ್ಚಿಡಲಿಲ್ಲ. ಅವರ ಬಗ್ಗೆ ನನಗೆ ತುಂಬ ಗೌರವ. ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದರು. ಪ್ರತಿ ಭಾನುವಾರದ ತೂಕ, ಮಲ ಹೇಗಿತ್ತು, ರಕ್ತ ಪರೀಕ್ಷೆಯಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು, ಕ್ಯಾಲ್ಸಿಯಂ ಎಷ್ಟು. ಒಂದು ನಾಯಿಗೆ ಕೊಬ್ಬು ತೀರಾ ಕಡಿಮೆ ಇರುವ ಆಹಾರ ಮಾತ್ರ, ಯಾರೂ ಒಂದು ಚೂರು ಬಿಸ್ಕತ್ತು ಹಾಕುವ ಹಾಗಿಲ್ಲ. ಮೂಲೆಯಲ್ಲಿ ಹಳೇ ಬಟ್ಟೆ ಹಾಸಿದ್ದರು. "ಮಳೆ ಬಂದರೆ ಹೊರಗೆ ಹೋಗಲ್ಲ, ಇಲ್ಲೇ ಮಾಡುತ್ತೆ. ನಾಲ್ಕು ವರ್ಷ ಆಯ್ತು, ಇನ್ನೂ ಪೂರ್ತಿ ಕಲಿತಿಲ್ಲ" ಅಂದರು. ಈ ತಳಿಗೆ ಹೊರಗೆ ಹೋಗುವ ಅಭ್ಯಾಸ ಮಾಡಿಸುವುದು ಕಷ್ಟ ಅಂತ ಸಾಕಿದವರೆಲ್ಲ ಹೇಳುವ ಮಾತು. ನನ್ನ ಕಣ್ಣಿಗೆ ಆಗ ಆ ಬಟ್ಟೆ ಬೀಳಲೇ ಇಲ್ಲ. ಬೆರಳು ಮಾತ್ರ ಕಂಡವು.

ಕೋಯ್ಕರ್ ಹುಡುಕುವಾಗ ಮೊದಲು ಸಿಕ್ಕಿದ ವ್ಯಕ್ತಿ ಬೇರೆ ಥರ. ತುಂಬ ಅಪರೂಪದ ತಳಿ, ಎರಡೇ ಮರಿ ಉಳಿದಿವೆ, ಇವತ್ತೇ ಮುಂಗಡ ಕೊಡಿ ಅಂತ ದಿನಕ್ಕೆ ಮೂರು ಸಲ ಫೋನ್. ಅಪ್ಪ-ಅಮ್ಮ ನಾಯಿಗಳ ಡಿಎನ್‌ಎ ಕಾಗದ ಕೇಳಿದರೆ ಮರಿಯ ಚುಚ್ಚುಮದ್ದಿನ ಕಾರ್ಡ್ ಕಳಿಸಿದರು. ಮತ್ತೆ ಕೇಳಿದರೆ, "ಅಪ್ಪ-ಅಮ್ಮ ನೋಡಿ ಎಷ್ಟು ಗಟ್ಟಿಮುಟ್ಟಾಗಿವೆ" ಅಂದರು. ಕ್ಯಾರಿಯರ್ ನಾಯಿ ಗಟ್ಟಿಮುಟ್ಟಾಗಿಯೇ ಇರುತ್ತದೆ, ಅಲ್ವಾ? ನೋಡಿ ಗೊತ್ತಾಗುವುದಾದರೆ ಪರೀಕ್ಷೆ ಯಾಕೆ ಬೇಕಿತ್ತು? ಅಲ್ಲಿಗೆ ಬಿಟ್ಟೆವು. ಅಪರೂಪ ಅನ್ನುವ ಮಾತನ್ನು ಯಾರಾದರೂ ಜೋರಾಗಿ ಹೇಳುತ್ತಿದ್ದರೆ ಕಾಗದ ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ, ಮರಿ ಎಷ್ಟೇ ಮುದ್ದಾಗಿರಲಿ.

ಎರಡನೇ ಮನೆಗೆ ಅಮ್ಮನನ್ನೂ ಕರೆದುಕೊಂಡು ಹೋದೆವು. ಅಲ್ಲಿನವರು ಬಾಗಿಲಲ್ಲೇ ಹೇಳಿದರು: ಕೂತುಕೊಳ್ಳಿ, ಕರೆಯಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಕೂತೆವು. ಬಿಳಿ ಮೈ ಮೇಲೆ ಕಿತ್ತಳೆ ಕೆಂಪಿನ ಮಚ್ಚೆ ಇರುವ ಹೆಣ್ಣು ನಾಯಿ ಬಾಗಿಲ ಹತ್ತಿರ ನಿಂತು ನಮ್ಮನ್ನು ಅಳೆಯಿತು. ಇಳಿಬಿದ್ದ ಕಿವಿಗಳ ತುದಿಯಲ್ಲಿ ಮಾತ್ರ ಉದ್ದನೆಯ ಕಪ್ಪು ಕೂದಲು. ಡಚ್ಚರು ಅದನ್ನು ಕಿವಿಯೋಲೆ ಅಂತಲೇ ಕರೆಯುತ್ತಾರೆ. ಮಗಳ ನೀರಿನ ಬಾಟಲಿ ಕೈಜಾರಿ ಠಣ್ ಅಂತ ಬಿತ್ತು. ನಾಯಿ ತಿರುಗಿ ಒಳಕೋಣೆಗೆ ಹೋಯಿತು. ಕಾಲು ಗಂಟೆ ಹೊರಗೆ ಬರಲಿಲ್ಲ. ಮಗಳ ಮುಖ ಸಪ್ಪಗಾಯಿತು. ನನಗೂ ಒಳಗೊಳಗೇ ಸಿಟ್ಟು. ಇಷ್ಟು ಅಂಜುವ ನಾಯಿ ನಮ್ಮ ಮನೆಯಲ್ಲಿ ಹೇಗೆ ಬದುಕುತ್ತದೆ?

ಆಮೇಲೆ ಕಿಟಕಿಯ ಪರದೆ ಅಲುಗಾಡಿತು. ಬಿಳಿ ಬಾಲ ಪರದೆಯ ಈ ತುದಿಯಲ್ಲಿ ಕಂಡು ಮರೆಯಾಯಿತು. ಸ್ವಲ್ಪ ಹೊತ್ತಿಗೆ ಆ ತುದಿಯಲ್ಲಿ ಕಂಡಿತು. ಮಗಳು ಮೆಲ್ಲಗೆ ಎದ್ದು ಹಿಂದೆ ಹೋದಳು. ನಾಯಿ ಸೋಫಾದ ಹಿಂದಿನಿಂದ ನಾಲ್ಕು ಹೆಜ್ಜೆ, ಮತ್ತೆ ಮಾಯ. ಮಗಳು ಅಲ್ಲಿಗೆ. ಒಂದು ಸದ್ದಿಲ್ಲ. ಹೀಗೇ ಅವಳನ್ನು ಕೋಣೆಯ ಸುತ್ತ ಎರಡು ಸಲ ಸುತ್ತಿಸಿ, ಕೊನೆಗೆ ನಾಯಿ ಅಮ್ಮನ ಕುರ್ಚಿಯಿಂದ ಒಂದು ಮಾರು ದೂರದಲ್ಲಿ ಮಲಗಿತು. ಹತ್ತಿರ ಬರಲಿಲ್ಲ. ಆದರೆ ಅಲ್ಲಿಂದ ಕದಲಲೂ ಇಲ್ಲ. ನಾವು ಹೊರಡುವವರೆಗೂ ಅಮ್ಮನ ಕೋಲನ್ನೇ ನೋಡುತ್ತಿತ್ತು. ಅಮ್ಮ ಕೋಲು ಎತ್ತಿದರೆ ಪಕ್ಕಕ್ಕೆ ಸರಿಯುತ್ತಿತ್ತು, ಇಟ್ಟರೆ ತನ್ನ ಜಾಗಕ್ಕೆ ಬರುತ್ತಿತ್ತು.

ಮನೆಗೆ ಬಂದ ರಾತ್ರಿ ನಾನು ಮತ್ತೆ ಲುಂಡೆಹುಂಡ್ ಪರವಾಗಿ ಮಾತಾಡಿದೆ. ಕಡಿಮೆ ಇರುವ ತಳಿ, ನಮ್ಮಂಥವರು ಸಾಕದಿದ್ದರೆ ಯಾರು ಸಾಕುತ್ತಾರೆ ಅಂತ. ಹೆಂಡತಿ ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು, "ನೀವು ಇಷ್ಟಪಡ್ತಿರೋದು ನಾಯಿನಾ, ಅದರ ಕಥೆನಾ?" ನಾನು ಸುಮ್ಮನಾದೆ. ಅವಳು ಬಿಡಲಿಲ್ಲ. ಭಾನುವಾರ ಭಾನುವಾರ ತೂಕ ನೋಡಿ ಬರೆಯುವವರು ಯಾರು? ಮಗಳ ಗೆಳತಿಯರು ಬಂದಾಗ ಯಾರಾದರೂ ತಿಂಡಿ ಹಾಕದ ಹಾಗೆ ಕಾಯುವವರು ಯಾರು? ರಾತ್ರಿ ಅಮ್ಮ ಎದ್ದು ಬಚ್ಚಲಿಗೆ ಹೋಗುವ ದಾರಿಯಲ್ಲಿ ನಾಯಿ ಉಚ್ಚೆ ಹೊಯ್ದಿದ್ದರೆ?

ಆ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋಲು ಊರುವ ಜಾಗದಲ್ಲಿ ನೆಲ ಒದ್ದೆ ಇದ್ದರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸಣ್ಣ ವಿಷಯ ಅನ್ನಿಸಬಹುದು. ತಳಿಯ ಚರಿತ್ರೆ, ಜೀನ್, ದ್ವೀಪ, ಯುದ್ಧ ಇಷ್ಟೆಲ್ಲ ಓದಿ ಕೊನೆಗೆ ತೀರ್ಮಾನ ಆದದ್ದು ಮಲಗುವ ಕೋಣೆಯಿಂದ ಬಚ್ಚಲಿಗೆ ಇರುವ ಹನ್ನೆರಡು ಹೆಜ್ಜೆಯ ನೆಲದ ಮೇಲೆ. ನನಗೆ ಇವತ್ತಿಗೂ ಅದು ಸರಿಯಾದ ತೀರ್ಮಾನ ಅನ್ನಿಸುತ್ತದೆ. ಕೋಯ್ಕರ್‌ನ ತೊಂದರೆ ಬೇರೆ ಥರದ್ದು. ಅದು ಸದ್ದಿಗೆ ಅಂಜುತ್ತದೆ, ದನಿ ಎತ್ತಿದರೆ ಮುದುಡುತ್ತದೆ, ಹೊಸಬರನ್ನು ನಂಬಲು ಹೊತ್ತು ಬೇಕು, ಎಳೆದಾಡುವ ಸಣ್ಣ ಮಕ್ಕಳಿದ್ದರೆ ಆಗಿಬರುವುದಿಲ್ಲ. ನಮ್ಮದು ಜಾಸ್ತಿ ಸದ್ದಿಲ್ಲದ ಮನೆ. ಮಗಳು ಕಾಯುವುದನ್ನು ಕಲಿಯುವ ವಯಸ್ಸಿನವಳು. ಅಂಜುವ ನಾಯಿಯ ಜೊತೆ ತಾಳ್ಮೆಯಿಂದ ಇರುವುದು ನಮ್ಮ ಕೈಲಿ ಆಗುತ್ತಿತ್ತು. ಸೋರುವ ಕರುಳಿನ ಜೊತೆ ದಿನಾ ಲೆಕ್ಕ ಇಡುವುದು ನಮ್ಮ ಕೈಲಿ ಆಗುತ್ತಿರಲಿಲ್ಲ. ಮನೆಯಲ್ಲಿ ಹಗಲೆಲ್ಲ ಇರುವವರು, ನೆಲ ಒರೆಸಲು ಬೇಸರವಿಲ್ಲದವರು, ಒಳ್ಳೆಯ ವೆಟ್ ಹತ್ತಿರ ಇರುವವರು ಇದ್ದರೆ ಲುಂಡೆಹುಂಡ್ ಅವರಿಗೆ ಎಂಥ ಜೊತೆಗಾರ! ಅಂಥ ಮನೆಯೊಂದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆ ಹೆಂಗಸಿಗೆ ಫೋನ್ ಮಾಡಿ ಬೇಡ ಅಂತ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮರಿ ತಗೊಂಡು ಹೋಗಿ ಒಂದು ವರ್ಷಕ್ಕೆ ವಾಪಸ್ ತಂದು ಬಿಡುವವರಿಗಿಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು ಅಂದರು. ಆಮೇಲೆ ಅರ್ಧ ಗಂಟೆ ತಳಿಯ ಬಗ್ಗೆಯೇ ಮಾತಾಡಿದರು. ನಾರ್ವೆಯಲ್ಲಿ ಸುಮಾರು ಹತ್ತು ವರ್ಷದಿಂದ ಲುಂಡೆಹುಂಡ್‌ಗಳನ್ನು ಬುಹುಂಡ್, ಐಸ್‌ಲ್ಯಾಂಡಿನ ಕುರಿನಾಯಿ, ನಾರ್‌ಬಾಟೆನ್ ಸ್ಪಿಟ್ಜ್ ಎಂಬ ಹತ್ತಿರದ ತಳಿಗಳ ಜೊತೆ ಕೂಡಿಸಿ, ಆ ಮರಿಗಳನ್ನು ಮತ್ತೆ ಲುಂಡೆಹುಂಡ್‌ಗೇ ಕೂಡಿಸುವ ಕೆಲಸ ನಡೆದಿದೆ. ಹೊಸ ರಕ್ತ ತರುವ ಕೆಲಸ. ತಳಿ ಕೆಡುತ್ತದೆ ಅನ್ನುವವರೂ ಇದ್ದಾರೆ. ನನಗೆ ಆ ಮಾತು ಒಂಚೂರೂ ಒಪ್ಪಿಗೆಯಿಲ್ಲ. ಮಾಸ್ತಾದಿನ ಜನ ಹಕ್ಕಿ ಹಿಡಿಯುವ ನಾಯಿ ಬೇಕು ಅಂತ ಸಾಕಿದ್ದು, ವಂಶಾವಳಿಯ ಕಾಗದಕ್ಕಾಗಿ ಸಾಕಿದ್ದಲ್ಲ. ಉಂಡದ್ದು ಮೈಗೆ ಹತ್ತದ ನಾಯಿ ಎಷ್ಟು ಶುದ್ಧ ಇದ್ದರೇನು? ಮೊದಲ ಬೆರಕೆಯಲ್ಲಿ ಒಂದು ಬೆರಳು ಕಡಿಮೆಯಾದರೂ ಆಗಲಿ, ಕರುಳು ಸರಿಯಿರಲಿ.

ನಮ್ಮ ಕೋಯ್ಕರ್ ಮರಿಗೆ ಕಾಯುವ ಪಾಳಿ ಉದ್ದ ಇತ್ತು. ಆ ಮನೆಯವರು ನಮ್ಮನ್ನು ಕೇಳಿದ ಪ್ರಶ್ನೆಗಳು ನಾವು ಅವರನ್ನು ಕೇಳಿದ್ದಕ್ಕಿಂತ ಜಾಸ್ತಿ. ಹಗಲು ಯಾರಿರುತ್ತಾರೆ, ಮನೆಯಲ್ಲಿ ಜಗಳ ಜೋರಾಗಿ ಆಡುತ್ತೀರಾ, ನಾಯಿ ಬೇಡ ಅನ್ನಿಸಿದರೆ ಯಾರಿಗೆ ಕೊಡುತ್ತೀರಿ. ಕೊನೆಯದಕ್ಕೆ ಅವರಿಗೆ ಬೇಕಾಗಿದ್ದ ಉತ್ತರ ಒಂದೇ: ವಾಪಸ್ ನಿಮಗೇ. ಆರು ಮರಿ ಹುಟ್ಟಿದವು. ಯಾವ ಮರಿ ನಮಗೆ ಅನ್ನುವುದನ್ನು ಅವರೇ ನಿರ್ಧರಿಸಿದರು. ಎಂಟು ವಾರ ದಿನಾ ನೋಡಿದವರಿಗೆ ಗೊತ್ತಿರುವುದು ಒಂದು ಸಂಜೆ ನೋಡಿದವರಿಗೆ ಹೇಗೆ ಗೊತ್ತಾಗಬೇಕು?

ನಮಗೆ ಬಂದವಳು ವಾನ್ ವಿಲ್ಲೆಬ್ರಾಂಡ್ ಕ್ಯಾರಿಯರ್. ಇದನ್ನು ಹೇಳಿದಾಗ ಗೆಳೆಯರೊಬ್ಬರು, ಅಷ್ಟೆಲ್ಲ ನೋಡಿ ಕೊನೆಗೆ ಕ್ಯಾರಿಯರ್ ತಗೊಂಡ್ರಾ ಅಂದರು. ತಗೊಂಡೆವು, ಗೊತ್ತಿದ್ದೇ ತಗೊಂಡೆವು. ಅವಳಿಗೆ ಆ ಕಾಯಿಲೆ ಬರುವುದಿಲ್ಲ. ಕ್ಯಾರಿಯರ್‌ಗಳನ್ನೆಲ್ಲ ತಳಿಯಿಂದ ತೆಗೆದುಹಾಕುತ್ತಾ ಹೋದರೆ ಮೊದಲೇ ಸಣ್ಣದಾದ ತಳಿ ಇನ್ನೂ ಸಣ್ಣದಾಗುತ್ತದೆ, ಆಗ ಇನ್ಯಾವುದೋ ಕಾಯಿಲೆ ತಲೆ ಎತ್ತುತ್ತದೆ. ಕ್ಲಿಯರ್ ಗಂಡಿಗೆ ಕೂಡಿಸಿದರೆ ಸಾಕು. ನಾವು ಮರಿ ಮಾಡಿಸುತ್ತೇವೋ ಇಲ್ಲವೋ ಇನ್ನೂ ಗೊತ್ತಿಲ್ಲ, ಆ ಬಾಗಿಲನ್ನು ಮುಚ್ಚಿಲ್ಲ ಅಷ್ಟೇ.

ಹೆಸರು ಚುಕ್ಕಿ. ಬಂದು ಒಂದು ವರ್ಷ ಎರಡು ತಿಂಗಳಾಯಿತು. ಮೊದಲ ಮೂರು ವಾರ ಕುಕ್ಕರ್ ಶಿಳ್ಳೆಗೆ ಮಂಚದ ಅಡಿಗೆ ಓಡುತ್ತಿದ್ದಳು. ನಾವು ಹಿಂದೆ ಹೋಗಲಿಲ್ಲ, ಸಮಾಧಾನ ಮಾಡಲು ಎತ್ತಿಕೊಳ್ಳಲೂ ಇಲ್ಲ. ಮಗಳು ಮಂಚದ ಪಕ್ಕ ನೆಲದ ಮೇಲೆ ಕೂತು, ಆ ಕಡೆ ನೋಡದೆ, ತನ್ನ ಪಾಠದ ಪುಸ್ತಕವನ್ನು ಮೆಲುದನಿಯಲ್ಲಿ ಓದುತ್ತಿದ್ದಳು. ನಾಲ್ಕನೇ ವಾರ ಶಿಳ್ಳೆ ಕೂಗಿದಾಗ ಚುಕ್ಕಿ ಎದ್ದು ನಿಂತು, ಅಡುಗೆಮನೆ ಕಡೆ ನೋಡಿ, ಮತ್ತೆ ಕೂತಳು. ಆ ದಿನದ ಸಂತೋಷವನ್ನು ಹೇಗೆ ಬರೆಯಲಿ! ಅಮ್ಮ ರಾತ್ರಿ ಎದ್ದರೆ ಚುಕ್ಕಿಯೂ ಏಳುತ್ತಾಳೆ. ಕೋಲಿಗೆ ಸಿಗದ ಹಾಗೆ ಎರಡು ಹೆಜ್ಜೆ ಹಿಂದೆ ನಡೆದು ಬಚ್ಚಲ ಬಾಗಿಲಲ್ಲಿ ಕೂರುತ್ತಾಳೆ. ಯಾರೂ ಕಲಿಸಿದ್ದಲ್ಲ.

ಕಿವಿಯೋಲೆ ಈಗ ಉದ್ದ ಬಂದಿದೆ. ಮೊನ್ನೆ ಮಂಡಿ, ಕಣ್ಣು ಎರಡೂ ಪರೀಕ್ಷೆ ಮಾಡಿಸಿದೆವು, ಎರಡೂ ಸರಿಯಿವೆ. ಫಲಿತಾಂಶವನ್ನು ಅವಳನ್ನು ಬೆಳೆಸಿದವರಿಗೆ ಕಳಿಸಿದೆ, ಅವರು ಅದನ್ನು ತಳಿಯ ದಾಖಲೆಗೆ ಸೇರಿಸುತ್ತಾರೆ. ಇಷ್ಟು ಕಡಿಮೆ ನಾಯಿಗಳಿರುವಾಗ ಒಂದೊಂದು ಮನೆಯ ಕಾಗದವೂ ಬೇಕಾಗುತ್ತದೆ. ಅವಳ ಒಡಹುಟ್ಟಿದ ಒಂದು ಗಂಡಿಗೆ ಎಡ ಮಂಡಿ ಸ್ವಲ್ಪ ಸಡಿಲ ಇದೆಯಂತೆ, ಅವನ ಮನೆಯವರು ಮುಚ್ಚಿಡದೆ ಬರೆದು ಕಳಿಸಿದ್ದಾರೆ.

ಆರು ಬೆರಳಿನ ಆ ಪಾದದ ಸುತ್ತ ಮಗಳು ಅವತ್ತು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಬಂದಿದ್ದಳು. ಅದು ಈಗಲೂ ಅವಳ ಮೇಜಿನ ಮೇಲಿನ ಗೋಡೆಯಲ್ಲಿದೆ. ಹೋದ ವಾರ ಆ ಹೆಂಗಸು ಫೋನ್ ಮಾಡಿದ್ದರು. ಬೆರಕೆ ಮಾಡಿದ ಸಾಲಿನ ಮರಿಯೊಂದು ಅವರ ಮನೆಗೆ ಬಂದಿದೆಯಂತೆ. ನಾಲ್ಕು ತಿಂಗಳ ಮರಿ, ತಿಂದದ್ದೆಲ್ಲ ಮೈಗೆ ಹತ್ತುತ್ತಿದೆಯಂತೆ. ನೋಡಲು ಬನ್ನಿ ಅಂದರು. ಬರುವ ಭಾನುವಾರ ಮಗಳನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಅವಳು ಈಗಲೇ ಪೆನ್ಸಿಲು, ಹಾಳೆ ತೆಗೆದಿಟ್ಟುಕೊಂಡಿದ್ದಾಳೆ.